ಹೊಲಿಗೆ ನಿಲ್ಲುವ ಜಾಗ

ಅಂಗಿಯನ್ನು ಅವಳು ಮೂರನೆಯ ಸಲ ತಿರುಗಿಸಿ ನೋಡಿದಳು. ಎಡಗೈಯ ಕಫ್ಫು, ಒಳಬದಿ, ಹೊಲಿಗೆ ನಿಲ್ಲುವ ಜಾಗ. ದಾರ ಬಿಚ್ಚಿಕೊಳ್ಳದಿರಲಿ ಎಂದು ಅಲ್ಲಿ ಎಲ್ಲರೂ ಮಿಷನ್ನನ್ನು ಹಿಂದಕ್ಕೆ ಓಡಿಸಿ ಮೂರೋ ನಾಲ್ಕೋ ಗೀರು ಹೊಡೆಯುತ್ತಾರೆ. ಇದರಲ್ಲಿ ಮೂರು ಗೀರು ನೆಟ್ಟಗಿದ್ದವು. ನಾಲ್ಕನೆಯದು ಎಡಕ್ಕೆ ವಾಲಿ, ಹೋಗಲೋ ಬೇಡವೋ ಅನ್ನುವ ಹಾಗೆ ಅರ್ಧಕ್ಕೆ ನಿಂತಿತ್ತು. ಕಾರ್ಖಾನೆಯ ಈ ಮಹಡಿಯ ಅರವತ್ತು ಜನರಲ್ಲಿ ಹೊಲಿಗೆಯನ್ನು ಹಾಗೆ ನಿಲ್ಲಿಸುವವಳು ಒಬ್ಬಳೇ, ಕಫ್ಫು ಹೊಲಿಯುವ ಕಫ್ಫಕ್ಕ. ಬಲಮಂಡಿ ಸರಿಯಾಗಿ ಮಡಚಲಾಗದೆ ಅವಳ ಪಾದ ಪೆಡಲಿನಿಂದ ಏಳುವುದು ಒಂದು ಉಸಿರು ತಡ. ಆ ಒಂದು ಉಸಿರಿನಲ್ಲಿ ಬಟ್ಟೆ ಎಡಕ್ಕೆ ಜಾರುತ್ತದೆ. ಹಳೆಯ ಮಾಲಿರಬೇಕು ಅಂದುಕೊಂಡು ಕಟ್ಟಿನ ಚೀಟಿ ನೋಡಿದಳು. ಬಟ್ಟೆ ಕತ್ತರಿಸಿದ್ದೇ ನಿನ್ನೆ. ಕಫ್ಫಕ್ಕನನ್ನು ಕೆಲಸದಿಂದ ತೆಗೆದು ಇವತ್ತಿಗೆ ಇಪ್ಪತ್ತಮೂರು ದಿನ.

ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು, ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕದ ಮೇಜಿನಲ್ಲಿ ದಾರ ಕತ್ತರಿಸುವವಳು ಏನಾಯಿತೆಂದು ಕೇಳಲಿಲ್ಲ. ಮೊದಲಾಗಿದ್ದರೆ ಕೇಳುತ್ತಿದ್ದಳು, ಬರೀ ಕೇಳುವುದೇನು, ಎದ್ದು ಬಂದು ಭುಜದ ಮೇಲೆ ಗಲ್ಲವಿಟ್ಟು, 'ಕಣ್ಣಕ್ಕ, ಯಾರ ಜಾತಕ ಓದ್ತಿದೀಯ?' ಎಂದು ಚುಡಾಯಿಸುತ್ತಿದ್ದಳು. ಕಣ್ಣಕ್ಕ ಎಂಬ ಹೆಸರು ಬಂದದ್ದೇ ಹಾಗೆ. ಮಾಲು ಪರೀಕ್ಷಿಸುವ ಮೇಜಿಗೆ ಬಂದ ಎರಡನೆಯ ವರ್ಷವೇ ಅವಳಿಗೆ ಚೀಟಿ ಬೇಡವಾಗಿತ್ತು. ಅಂಗಿ ಕೈಗೆ ಬಂದರೆ ಸಾಕು, ಕಾಲರ್ ಯಾರದು, ಪಟ್ಟಿ ಯಾರದು, ಈವತ್ತು ಯಾರ ಮನೆಯಲ್ಲಿ ಜಗಳವಾಗಿದೆ, ಯಾರಿಗೆ ಹೊಟ್ಟೆನೋವು, ಎಲ್ಲ ಹೇಳಿಬಿಡುತ್ತಿದ್ದಳು. ಊಟದ ಹೊತ್ತಿನಲ್ಲಿ ಅದೇ ಒಂದು ಆಟವಾಗಿತ್ತು. ಹುಡುಗಿಯರು ಬಟ್ಟೆಯ ತುಂಡುಗಳಿಗೆ ಒಂದೊಂದು ಗೆರೆ ಹೊಲಿದು ತಂದು ಅವಳ ಮಡಿಲಿಗೆ ಸುರಿಯುತ್ತಿದ್ದರು, ಅವಳು ಒಂದೊಂದನ್ನೇ ಎತ್ತಿ ಸರಿಯಾದ ಮಡಿಲಿಗೆ ವಾಪಸು ಎಸೆಯುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ. ಕಫ್ಫಕ್ಕ ಬಿದ್ದುಬಿದ್ದು ನಗುತ್ತ, 'ನಿನ್ನ ಕಣ್ಣು ಯಾರ ಮೇಲೂ ಬೀಳದಿರಲಿ ತಾಯಿ' ಅನ್ನುತ್ತಿದ್ದಳು. ಈಗ ಊಟದ ಹೊತ್ತಿನಲ್ಲಿ ಯಾರೂ ಅವಳನ್ನು ಬಯ್ಯುವುದಿಲ್ಲ, ದೂರವಿಡುವುದೂ ಇಲ್ಲ. ಬೆಂಚಿನ ಮೇಲೆ ಜಾಗ ಬಿಡುತ್ತಾರೆ, ನೀರು ಬೇಕಾ ಅಕ್ಕ ಎಂದು ಕೇಳುತ್ತಾರೆ. ಮನೆಗೆ ಬಂದ ನೆಂಟರೊಡನೆ ಮಾತಾಡುವ ಹಾಗೆ ಮಾತಾಡುತ್ತಾರೆ. ಅಷ್ಟೆ.

ಇನ್‌ಚಾರ್ಜ್ ಸಾಲುಗಳ ನಡುವೆ ಸುತ್ತುತ್ತ ಹತ್ತಿರ ಬಂದದ್ದು ಕಂಡು ಅವಳು ಅಂಗಿಯನ್ನು ಸರಕ್ಕನೆ ಮಡಚಿ ಪಾಸಾದ ಮಾಲಿನ ಗುಡ್ಡೆಗೆ ಸೇರಿಸಿದಳು. ತಾನೇಕೆ ಬಚ್ಚಿಟ್ಟೆ ಎಂದು ಅವಳಿಗೇ ತಿಳಿಯಲಿಲ್ಲ. ಮುಂದಿನ ಕಟ್ಟು ಬಿಚ್ಚಿದಳು. ಎರಡನೆಯ ಅಂಗಿಯಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಇತ್ತು. ಕಫ್ಫಿನಲ್ಲಲ್ಲ, ಜೇಬಿನ ಮೂಲೆಯಲ್ಲಿ. ಕಫ್ಫಕ್ಕ ಜನ್ಮದಲ್ಲಿ ಜೇಬು ಹೊಲಿದವಳಲ್ಲ. ತಲೆಯೆತ್ತಿ ನೋಡಿದರೆ ಎರಡನೆಯ ಸಾಲಿನ ತುದಿಯ ಕಫ್ಫಕ್ಕನ ಮಿಷನ್ನಿನ ಮೇಲೆ ಬೇರೆ ಯಾವಳೋ ಹೊಸ ಹುಡುಗಿ ಕುಳಿತಿದ್ದಳು. ಯಾರೂ ಬಗ್ಗಿದ ತಲೆ ಎತ್ತಿರಲಿಲ್ಲ. ಅರವತ್ತು ಮಿಷನ್ನುಗಳ ಸದ್ದಿನಲ್ಲಿ ಎಲ್ಲೋ ಒಂದು, ನಿಲ್ಲಬೇಕಾದದ್ದಕ್ಕಿಂತ ಒಂದು ಉಸಿರು ತಡವಾಗಿ ನಿಲ್ಲುತ್ತಿತ್ತು. ಎಲ್ಲಿ ಎಂದು ಕಿವಿಗೊಟ್ಟರೆ ಇನ್ನೊಂದು ಕಡೆಯಿಂದ ಕೇಳಿಸುತ್ತಿತ್ತು.

ಕಫ್ಫಕ್ಕನನ್ನು ಕೆಲಸದಿಂದ ತೆಗೆಯುವ ಹಿಂದಿನ ದಿನ ಮ್ಯಾನೇಜರ್ ಕಣ್ಣಕ್ಕನನ್ನು ಕೋಣೆಗೆ ಕರೆಸಿ ಕುರ್ಚಿ ತೋರಿಸಿದ್ದು ಹನ್ನೊಂದು ವರ್ಷಗಳಲ್ಲಿ ಅದೇ ಮೊದಲು. ಚಹಾ ಬಂತು, ಬಸಿಯ ಸಮೇತ. ಮೇಜಿನ ಮೇಲೆ ಒಂದು ಅಂಗಿ ಹರಡಿತ್ತು. 'ಈ ಕಫ್ಫಿನ ಕೆಲಸ ನೋಡಿ, ಎಷ್ಟು ನೀಟಾಗಿದೆ. ನಮ್ಮಲ್ಲಿ ಇದು ಯಾರದಮ್ಮ? ಇನ್‌ಚಾರ್ಜು ಹೇಳ್ತಿದ್ರು, ನಿಮಗೆ ಮುಟ್ಟಿದ್ರೇ ಗೊತ್ತಾಗುತ್ತಂತೆ, ಹೌದಾ?' ಅಂದಿದ್ದ. ಹೌದಾ ಎಂದು ಅವನು ಕೇಳಿದ ರೀತಿಯಲ್ಲಿ ಒಂದು ಸಣ್ಣ ಅಪನಂಬಿಕೆಯಿತ್ತು. ಅದೇ ಅವಳಿಗೆ ಚುಚ್ಚಿತು. 'ಮುಟ್ಟೋದೂ ಬೇಡ ಸಾರ್, ಇದು ಕಫ್ಫಕ್ಕಂದು' ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾಲ್ಕನೆಯ ಗೀರು ತೋರಿಸಿದಳು. ಮಂಡಿಯ ಕಥೆ ಹೇಳಿದಳು. ಐದು ಜನ ಕಫ್ಫು ಹೊಲಿಯುತ್ತಾರೆ, ಬೇಕಾದರೆ ಐವರದ್ದೂ ತಂದಿಡಿ, ಕಣ್ಣು ಮುಚ್ಚಿ ಹೇಳುತ್ತೇನೆ ಎಂದು ಕೊಚ್ಚಿಕೊಂಡಳು. ಅವನು ತಲೆಯಾಡಿಸುತ್ತ ಎಲ್ಲ ಕೇಳಿ, ಆಮೇಲೆ ಕಫ್ಫಿನ ಬಿಚ್ಚಿದ ಬದಿಯನ್ನು ಅಗಲಿಸಿ ಒಳಗಿಂದ ಒಂದು ಬಿಳಿಯ ಬಟ್ಟೆಯ ಪಟ್ಟಿ ಎಳೆದ. ಅಂಗಿಗಳು ಹೋಗುವ ದೇಶದ ಭಾಷೆಯಲ್ಲಿ ಯಾರಿಂದಲೋ ಬರೆಸಿದ್ದರು, ಕೆಳಗೆ ತಮ್ಮ ಮಾತಿನಲ್ಲೂ ಇತ್ತು. 'ಈ ಅಂಗಿ ಹೊಲಿದವರು ನಾವು. ಹಿಂದಿನ ಮೆಟ್ಟಿಲ ಬಾಗಿಲಿಗೆ ಇಡೀ ದಿನ ಬೀಗ ಹಾಕಿರುತ್ತಾರೆ. ಕಕ್ಕಸಿಗೆ ಹೋಗಲು ಬಿಲ್ಲೆ ಬೇಕು, ಅರವತ್ತು ಜನಕ್ಕೆ ಎರಡೇ ಬಿಲ್ಲೆ. ನೀರು ಕುಡಿಯಬೇಡಿ ಅನ್ನುತ್ತಾರೆ. ಬಂದು ನೋಡಿ. ಬರುವುದನ್ನು ಮೊದಲೇ ಹೇಳಬೇಡಿ.' ಅವಳು ಓದಿ ಮುಗಿಸುವವರೆಗೆ ಅವನು ಕಾದ. 'ಟೀ ಕುಡೀರಿ, ಆರಿಹೋಗುತ್ತೆ' ಅಂದ. ಅವಳು ಕುಡಿದಳು. ಕೊನೆಯ ಗುಟುಕಿನವರೆಗೆ ಕುಡಿದು, ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟು ಬಂದಳು. ಕಫ್ಫಕ್ಕನ ಹೆಸರು ಹೇಳಿದ್ದಕ್ಕಾದರೂ ಒಂದು ಕಾರಣ ಹುಡುಕಬಹುದಿತ್ತು. ಆ ಚಹಾ ಕುಡಿದದ್ದಕ್ಕೆ ಯಾವ ಕಾರಣವೂ ಸಿಗಲಿಲ್ಲ.

ಇನ್‌ಚಾರ್ಜ್ ಮರುದಿನ ಎಲ್ಲರೆದುರು, 'ಚೀಟಿಗೀಟಿ ಇಡೋ ಮೊದಲು ಯೋಚನೆ ಮಾಡಿ. ನಮ್ಮ ಕಣ್ಣಕ್ಕನಿಗೆ ಒಂದು ದಾರ ಸಾಕು' ಎಂದು ನಕ್ಕಿದ್ದ. ಆಗ ಕಫ್ಫಕ್ಕ ತನ್ನ ಕತ್ತರಿ, ಬುತ್ತಿ, ಮಂಡಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದ ಸಣ್ಣ ದಿಂಬು ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದಳು. ಹೋಗುವಾಗ ಕಣ್ಣಕ್ಕನ ಮೇಜಿನ ಮುಂದೆ ಹಾದುಹೋದಳು. ನಿಲ್ಲಲಿಲ್ಲ, ನೋಡದೆಯೂ ಹೋಗಲಿಲ್ಲ. ಬಾಯಿ ಬಿಟ್ಟು ಒಂದು ಮಾತು ಬೈದಿದ್ದರೆ ಆಗುತ್ತಿತ್ತು.

ಇವತ್ತು ಸಂಜೆ ಬಸ್ಸಿನಲ್ಲಿ ಎದುರಿಗೆ ನಿಂತವನ ಅಂಗಿಯ ತೋಳಿನತ್ತ ಅವಳ ಕಣ್ಣು ತಾನಾಗಿಯೇ ಹೋಯಿತು. ಸೀಟಿನ ರೆಕ್ಸಿನ್ನಿನ ಹೊಲಿಗೆಯತ್ತ ಹೋಯಿತು. ಮುಂದೆ ಕುಳಿತ ಮಗುವಿನ ಟೋಪಿಯತ್ತ ಹೋಯಿತು. ಎಲ್ಲಿಯೂ ಇರಲಿಲ್ಲ, ಸದ್ಯ. ತಲೆ ಕೆಟ್ಟಿದೆ, ಎರಡು ದಿನ ರಜೆ ಹಾಕಬೇಕು ಅಂದುಕೊಂಡಳು. ಮನೆಗೆ ಬಂದು ಮುಖ ತೊಳೆದು, ಐದು ನಿಮಿಷ ಅಡ್ಡಾಗೋಣವೆಂದು ದಿಂಬಿಗೆ ತಲೆಯಿಟ್ಟವಳ ಕೆನ್ನೆಗೆ ಏನೋ ಒತ್ತಿದಂತಾಯಿತು. ದಿಂಬಿನ ಚೀಲದ ಹರಿದ ಮೂಲೆಯನ್ನು ಯಾರೋ ಹೊಲಿದಿದ್ದರು. ಮೂರು ಗೀರು ನೆಟ್ಟಗೆ, ನಾಲ್ಕನೆಯದು ಎಡಕ್ಕೆ ವಾಲಿ ಅರ್ಧಕ್ಕೆ. ಕಫ್ಫಕ್ಕ ಸತ್ತುಹೋಗಿದ್ದಾಳೆ, ಯಾರೂ ತನಗೆ ಹೇಳಿಲ್ಲ, ಎಂಬ ಯೋಚನೆ ಎಲ್ಲಿಂದಲೋ ಬಂದು ಎದೆಯ ಮೇಲೆ ಕೂತಿತು. ಸತ್ತವಳು ತನ್ನ ಮನೆಯವರೆಗೆ ನಡೆದು ಬಂದು, ತಾನು ಇಲ್ಲದ ಹೊತ್ತು ನೋಡಿ, ತನ್ನ ದಿಂಬು ಹೊಲಿದು ಹೋಗಿದ್ದಾಳೆ.

ಒಳಗೆ ಅಕ್ಕನ ಮಗಳು ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಹೋದ ಮೇಲೆ ಹತ್ತು ವರ್ಷದವಳಿದ್ದಾಗ ಬಂದ ಹುಡುಗಿ, ಈಗ ಇಪ್ಪತ್ತೊಂದು. ಹುಡುಗಿಗೆ ಹೊಲಿಗೆ ಕಲಿಸಿದ್ದು ಇವಳೇ. ಪುಟ್ಟ ಕೈಗಳ ಮೇಲೆ ತನ್ನ ಕೈಯಿಟ್ಟು ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿಸಿದ್ದಳು. ಈಗ ಹುಡುಗಿಯೂ ಅದೇ ಮಹಡಿಯ ಮೂರನೆಯ ಸಾಲಿನಲ್ಲಿ ಕಾಲರ್ ಹೊಲಿಯುತ್ತಾಳೆ. ಈ ಇಪ್ಪತ್ತಮೂರು ದಿನವೂ ಅವಳು ಎಂದಿನ ಹಾಗೆ ಚಿಕ್ಕಮ್ಮ ಅಂದಿದ್ದಳು, ಎಂದಿನ ಹಾಗೆ ಒಂದೇ ಬಸ್ಸಿಗೆ ಬಂದಿದ್ದಳು, ಆ ವಿಷಯ ಒಂದು ದಿನವೂ ಎತ್ತಿರಲಿಲ್ಲ. ಎತ್ತದಿರುವುದೇ ದೊಡ್ಡ ಉಪಕಾರವೆಂದು ಇವಳೂ ಸುಮ್ಮನಿದ್ದಳು.

'ಈ ದಿಂಬು ಯಾರು ಹೊಲಿದಿದ್ದು?'

'ನಾನೇ ಚಿಕ್ಕಮ್ಮ. ಹರಿದಿತ್ತಲ್ಲ.'

'ನಿನ್ನ ಕೈ ಅಲ್ಲ ಇದು.'

ಹುಡುಗಿ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತು, ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಬಂದವಳ ಹಾಗೆ ಚಿಕ್ಕಮ್ಮನ ಮುಖವನ್ನೇ ನೋಡಿದಳು. 'ನಿಜವಾಗ್ಲೂ ಗೊತ್ತಾಗ್ಲಿಲ್ವಾ ನಿನಗೆ?' ಅಂದಳು. ದನಿಯಲ್ಲಿ ಸಂತೋಷವಿತ್ತು. ಚಿಕ್ಕಮ್ಮನಿಗೆ ಭಯವಾಗುತ್ತಿದೆ ಎಂಬುದು ಅವಳಿಗೆ ಕಾಣಿಸುತ್ತಲೇ ಇರಲಿಲ್ಲ. ಇವಳು ದಿಂಬನ್ನು ಮತ್ತೆ ಎತ್ತಿ, ಈ ಸಲ ಕಿಟಕಿಗೆ ಹಿಡಿದು ನೋಡಿದಳು. ಆಗ ಗೊತ್ತಾಯಿತು. ಮೂರನೆಯ ಗೀರಿನ ಕೊನೆಯಲ್ಲಿ ದಾರ ಕಂಡೂ ಕಾಣದಷ್ಟು ಮೇಲಕ್ಕೆ ಎಳೆದುಕೊಂಡಿತ್ತು. ತಾನೇ ಕಲಿಸಿದ ಎಳೆತ. 'ನಿಂದೇ' ಅಂದಳು. ಹುಡುಗಿಯ ಮುಖ ಬಾಡಿಹೋಯಿತು. 'ಭಾನುವಾರ ಮಧ್ಯಾಹ್ನ ನನ್ನ ಜೊತೆ ಬಾ' ಅಂದಳು. 'ಎಲ್ಲಿಗೆ ಅಂತ ಈಗ ಕೇಳಬೇಡ.'

ಕೇಳದೆಯೂ ಗೊತ್ತಿತ್ತು. ಭಾನುವಾರದವರೆಗಿನ ಮೂರು ದಿನ ಅವಳು ಮಾತುಗಳನ್ನು ಜೋಡಿಸಿದಳು. ಬೇಕಂತ ಹೇಳಿದ್ದಲ್ಲ. ಗೊತ್ತಿರಲಿಲ್ಲ. ಚೀಟಿ ಆಮೇಲೆ ತೋರಿಸಿದರು. ಎಲ್ಲ ನಿಜವೇ, ಆದರೂ ಸಾಲಾಗಿ ನಿಲ್ಲಿಸಿದರೆ ಸುಳ್ಳಿನ ಹಾಗೆ ಕಾಣುತ್ತಿದ್ದವು. ಇತ್ತ ಅಂಗಿಗಳು ಬರುತ್ತಲೇ ಇದ್ದವು. ಕಫ್ಫು, ಜೇಬು, ಕಾಲರ್, ಪಕ್ಕದ ಹೊಲಿಗೆ, ಎಲ್ಲದರ ತುದಿಯಲ್ಲೂ ಆ ಕುಂಟುವ ಗೀರು. ಶನಿವಾರ ಸಂಜೆ ಇನ್‌ಚಾರ್ಜ್ ಒಂದು ಅಂಗಿ ಎತ್ತಿಕೊಂಡು, 'ಮಾಲು ಸರಿಯಿದೆಯೇನಮ್ಮ?' ಎಂದ. ಆ ಗೀರು ಅವನ ಹೆಬ್ಬೆರಳಿನ ಕೆಳಗೇ ಇತ್ತು. ಅವನಿಗೆ ಕಾಣಿಸಲಿಲ್ಲ. ಮ್ಯಾನೇಜರಿಗೂ ಕಾಣಿಸುವುದಿಲ್ಲ. ಇಡೀ ಕಟ್ಟಡದಲ್ಲಿ ಅದನ್ನು ಕಾಣುವ ಕಣ್ಣು ತನ್ನದೊಂದೇ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ಜನ ಸೇರಿ ಅದನ್ನು ಹೊಲಿಯುತ್ತಿರುವುದು ತನಗಾಗಿಯೇ. 'ಸರಿಯಿದೆ ಸಾರ್' ಅಂದಳು.

ಕಫ್ಫಕ್ಕ ಸತ್ತಿರಲಿಲ್ಲ. ಭಾನುವಾರ ಬಾಗಿಲು ತೆಗೆದವಳು ಅವಳೇ. ಒಂದೇ ಕೋಣೆ, ಗೋಡೆಗೆ ಒರಗಿಸಿದ ಹಾಸಿಗೆ, ನಡುವೆ ಹಳೆಯದೊಂದು ಮಿಷನ್. ಸುತ್ತ ನೆಲದ ಮೇಲೆ ಒಂಬತ್ತು ಹೆಂಗಸರು, ಮಿಷನ್ನಿನ ಮೇಲೆ ಒಬ್ಬಳು, ಅಕ್ಕನ ಮಗಳು ಸೇರಿ ಹನ್ನೊಂದು. ದಾರ ಕತ್ತರಿಸುವವಳು ಬಾಗಿಲ ಬಳಿಯೇ ಕೂತಿದ್ದಳು. ಇವಳನ್ನು ನೋಡಿ ಕಾಲು ಮಡಚಿಕೊಂಡು ದಾರಿ ಬಿಟ್ಟಳು. ಮಿಷನ್ನಿನ ಮೇಲಿದ್ದ ಹೊಸ ಹುಡುಗಿ ಹೊಲಿಯುತ್ತಲೇ ಇದ್ದಳು. ಅವಳ ಬಲಮಂಡಿಗೆ ಒಂದು ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದರು, ಮಡಚಲು ಬಾರದ ಹಾಗೆ. ಮಂಡಿ ನೆಟ್ಟಗಿರುವ ಇಷ್ಟು ಜನ ಒಬ್ಬಳ ಕುಂಟನ್ನು ಕಲಿಯುತ್ತಿದ್ದರು.

'ಬಾ, ಕೂತ್ಕೋ' ಅಂದಳು ಕಫ್ಫಕ್ಕ.

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. 'ನಾನು ಅವತ್ತು ಟೀ ಕುಡಿದೆ' ಅಂದಳು. ಯಾಕೆ ಅದನ್ನೇ ಹೇಳಿದಳೋ. ಯಾರೂ ನಗಲಿಲ್ಲ.

'ಕುಡಿದ್ರೆ ಕುಡಿದೆ ಬಿಡು. ಅದಕ್ಕಲ್ಲ ಕರೆಸಿದ್ದು.' ಕಫ್ಫಕ್ಕ ನೆಲಕ್ಕೆ ಕೈಯೂರಿ, ಆ ಕಾಲನ್ನು ಮುಂದಕ್ಕೆ ಚಾಚಿಕೊಂಡು ಕುಳಿತಳು. 'ನೋಡು, ನನ್ನದೊಂದೇ ಚೀಟಿ ಅಂತ ಅವರು ತಿಳ್ಕೊಂಡಿದಾರೆ. ಬರೋ ಗುರುವಾರದ ಲೋಡಿಗೆ ಹನ್ನೊಂದು ಹೋಗುತ್ತೆ. ಕಾಲರಲ್ಲಿ, ಪಟ್ಟೀಲಿ, ಎಲ್ಲಾದ್ರಲ್ಲೂ. ಒಂದು ಚೀಟಿಯಾದ್ರೆ ಯಾರೋ ಕಿಡಿಗೇಡಿ ಬರೆದಿದ್ದು ಅಂತ ಅಲ್ಲಿಯವರು ವಾಪಸ್ ಕಳಿಸಿಬಿಡ್ತಾರೆ. ಹನ್ನೊಂದಾದ್ರೆ ಬಂದು ನೋಡಲೇಬೇಕಾಗುತ್ತೆ. ಆದ್ರೆ ಅದ್ರಲ್ಲಿ ಒಂದೆರಡು ಅಂಗಿ ಇವರ ಕೈಗೆ ವಾಪಸ್ ಬಂದೇ ಬರುತ್ತೆ. ಬಂದ ತಕ್ಷಣ ಯಾರನ್ನ ಕರೀತಾರೆ?'

ಅವಳು ಅಕ್ಕನ ಮಗಳತ್ತ ನೋಡಿದಳು. ಕಾಲರಿನ ಚೀಟಿ ಅವಳದ್ದು. 'ನಾನು ಹೇಳಲ್ಲ' ಅಂದಳು. 'ನಿಮ್ಮೆಲ್ಲರ ಮೇಲೆ ಆಣೆ. ಇವಳ ಮೇಲೆ ಆಣೆ. ಬೇಕಾದ್ರೆ ನಾಳೆನೇ ಕೆಲಸ ಬಿಡ್ತೀನಿ.'

'ಬಿಟ್ರೆ ಮನೆಗೇ ಬಂದು ತೋರಿಸ್ತಾರೆ' ಅಂದಳು ದಾರ ಕತ್ತರಿಸುವವಳು. ಇಪ್ಪತ್ತೇಳು ದಿನಗಳಲ್ಲಿ ಅವಳು ಆಡಿದ ಮೊದಲ ಜೀವಂತ ಮಾತು ಅದು.

ಕಫ್ಫಕ್ಕ ಇವಳ ಕೈ ಹಿಡಿದುಕೊಂಡಳು. ಬೆರಳುಗಳು ಬೆಚ್ಚಗಿದ್ದವು. 'ನೀನು ಅವತ್ತೂ ಹೇಳಬೇಕು ಅಂತ ಹೇಳಿದ್ದಲ್ಲ ಕಣೇ. ನನಗೆ ಗೊತ್ತಿಲ್ವಾ? ಬಂತು ಬಾಯಿಗೆ, ಹೇಳಿದೆ. ಮುಂದಿನ ಸಲ ನೀನು ಬಾಯಿ ಮುಚ್ಚಿಕೊಂಡೇ ಇರ್ತೀಯ, ಆದ್ರೆ ಆ ಹೊಲಿಗೆ ಕಂಡಾಗ ನಿನ್ನ ಮುಖ ಇರುತ್ತಲ್ಲ, ಅದು ಹೇಳಿಬಿಡುತ್ತೆ. ನಿನ್ನ ಮನಸ್ಸಿನ ಮೇಲೆ ನಮಗೆ ಅನುಮಾನ ಇಲ್ಲ. ನಮಗೆ ಭಯ ಇರೋದು ನಿನ್ನ ಕಣ್ಣಿಂದು.'

ಬೈಗುಳಕ್ಕಾಗಿ ಹಸಿದು ಬಂದವಳಿಗೆ ಇದು ಸಿಕ್ಕಿತು. ಇವರು ತನ್ನನ್ನು ಕ್ಷಮಿಸಿಬಿಟ್ಟಿದ್ದಾರೆ, ಬಹುಶಃ ಮೊದಲ ದಿನವೇ; ಆದರೆ ನಂಬುವುದಿಲ್ಲ, ಇನ್ನು ಯಾವತ್ತೂ ನಂಬುವುದಿಲ್ಲ. ತನ್ನ ಒಳ್ಳೆಯತನ ಇವರಿಗೆ ಯಾವ ಉಪಯೋಗಕ್ಕೂ ಬಾರದ ವಸ್ತು. ಅಷ್ಟರಲ್ಲಿ ಹೊಸ ಹುಡುಗಿ ಹನ್ನೊಂದು ತುಂಡುಗಳನ್ನು ಒಂದು ತಟ್ಟೆಯಲ್ಲಿ ಕಲಸಿ ತಂದು ಅವಳ ಮುಂದಿಟ್ಟಳು. ಎಲ್ಲದರಲ್ಲೂ ಅದೇ ನಾಲ್ಕು ಗೀರು. ಯಾರದು ಯಾವುದು ಹೇಳಿ ಅಕ್ಕ, ಎಂದಳು. ಹೇಳಲಾಗದಿರಲಿ ಎಂಬ ಆಸೆ ಅವಳ ದನಿಯಲ್ಲಿತ್ತು.

ಅವಳು ಮೊದಲನೆಯದನ್ನು ಎತ್ತಿದಳು. ಗೊತ್ತಿಲ್ಲ ಅಂದುಬಿಡೋಣ ಎಂದು ನಾಲಗೆ ಹೊರಳಿತು. ಸುಳ್ಳು ಹೇಳಿದರೆ ಇವರು ನಂಬುತ್ತಾರೆ, ಗುರುವಾರ ನೆಮ್ಮದಿಯಾಗಿ ಚೀಟಿ ಹೊಲಿಯುತ್ತಾರೆ, ಸಿಕ್ಕಿಬೀಳುತ್ತಾರೆ. ತುಂಡನ್ನು ದಾರ ಕತ್ತರಿಸುವವಳ ಮಡಿಲಿಗೆ ಹಾಕಿದಳು. ಎರಡನೆಯದನ್ನು ಮೂಲೆಯಲ್ಲಿ ಕೂತ ಎಡಗೈಯವಳಿಗೆ. ಮೂರನೆಯದು ಅಕ್ಕನ ಮಗಳಿಗೆ, ನೋಡುವ ಮೊದಲೇ. ನಾಲ್ಕು, ಐದು, ಆರು. ತಟ್ಟೆ ಖಾಲಿಯಾಯಿತು. ಒಂದೂ ತಪ್ಪಿರಲಿಲ್ಲ. ಇಷ್ಟು ದಿನದ ಕಲಿಕೆಯೆಲ್ಲ ನೀರುಪಾಲಾಗಿತ್ತು. ಹನ್ನೊಂದು ಜನ ತಮ್ಮ ತಮ್ಮ ಮಡಿಲಿನಲ್ಲಿ ಬಿದ್ದ ತುಂಡನ್ನು ನೋಡುತ್ತ ಕುಳಿತರು. ಆಮೇಲೆ ಒಬ್ಬೊಬ್ಬರಾಗಿ ಅವಳ ಕಣ್ಣುಗಳತ್ತ ನೋಡಿದರು. ಜನ ಹಾವನ್ನು ನೋಡುವುದು ಹಾಗೆ.

'ಹೇಗೆ ಗೊತ್ತಾಗುತ್ತೆ ನಿಂಗೆ?' ಅಂದಳು ಕಫ್ಫಕ್ಕ.

ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಹೇಳಿದರೆ ತನ್ನ ಬಳಿ ಏನು ಉಳಿಯಿತು? ಗಂಡ ಬಿಟ್ಟುಹೋದ ಮನೆಯಲ್ಲಿ, ಯಾರೂ ಹೆಸರು ಹಿಡಿದು ಕರೆಯದ ಈ ಬದುಕಿನಲ್ಲಿ, ತನ್ನದೆಂದು ಇದ್ದದ್ದು ಅದೊಂದೇ. ಅವಳು ಎಡಗೈಯವಳ ತುಂಡನ್ನು ವಾಪಸು ತೆಗೆದುಕೊಂಡಳು. 'ನೀನು ಬಟ್ಟೆ ಹಿಡಿಯೋ ಕಡೆ ಸುಕ್ಕು ಬೀಳುತ್ತೆ' ಅಂದಳು. 'ಬಲಗೈಲಿ ಹಿಡಿ. ಆಗದಿದ್ರೆ ಬಟ್ಟೆ ತಿರುಗಿಸಿ ಹೊಲಿ.' ದಾರ ಕತ್ತರಿಸುವವಳಿಗೆ, 'ನೀನು ಹೆದರ್ತೀಯ, ಮೊದಲನೇ ಗೀರು ಬೇರೆಯದಕ್ಕಿಂತ ಗಿಡ್ಡ. ಉಸಿರು ಬಿಟ್ಟು ಶುರುಮಾಡು' ಅಂದಳು. ಹೊಸ ಹುಡುಗಿಗೆ, 'ನಿನ್ನ ಹೊಲಿಗೇಲಿ ಸಿಟ್ಟಿದೆ.' ಹುಡುಗಿ, 'ಸಿಟ್ಟು ಬಿಟ್ಟು ಹೇಗಕ್ಕ ಹೊಲಿಯೋದು?' ಅಂದಾಗ ಮೊದಲ ಬಾರಿಗೆ ಯಾರೋ ಕಿಸಕ್ಕನೆ ನಕ್ಕರು. ಅಕ್ಕನ ಮಗಳಿಗೆ ಏನೂ ಹೇಳಲಿಲ್ಲ. ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು, ಹತ್ತು ವರ್ಷದವಳಿದ್ದಾಗ ಕಲಿಸಿದ ಆ ಎಳೆತವನ್ನು ಮರೆಸಲು ಕುಳಿತಳು. ಕಲಿಸುವುದಕ್ಕಿಂತ ಅದು ಕಷ್ಟವಾಯಿತು.

ಮಿಷನ್ ನಿಲ್ಲಲಿಲ್ಲ. ಒಬ್ಬಳು ಎದ್ದರೆ ಇನ್ನೊಬ್ಬಳು ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದಳು. ತಟ್ಟೆ ಬಂತು, ಅವಳು ಹನ್ನೊಂದನ್ನೂ ಹೇಳಿದಳು. ಮತ್ತೆ ಬಂತು, ಒಂಬತ್ತನ್ನು ಹೇಳಿದಳು, ಎರಡಕ್ಕೆ ತಡವರಿಸಿದಳು. ಕಫ್ಫಕ್ಕ ಗೋಡೆಗೆ ಒರಗಿ, ತನ್ನ ಹೊಲಿಗೆ ತನ್ನಿಂದ ಬಿಟ್ಟು ಕೈಯಿಂದ ಕೈಗೆ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತ್ತು. ಆರನೆಯ ತಟ್ಟೆಯಲ್ಲಿ ಅವಳು ಏಳು ಜನರನ್ನು ಗುರುತಿಸಲಾಗದೆ ಕಳೆದುಕೊಂಡಳು. ಒಬ್ಬೊಬ್ಬಳೂ ಹೋದಾಗ ಕೋಣೆಯಲ್ಲಿ ಜನ ಕಡಿಮೆಯಾಗುತ್ತಿದ್ದಾರೆ ಅನ್ನಿಸಿ ತಲೆಯೆತ್ತಿ ನೋಡುತ್ತಿದ್ದಳು. ಎಲ್ಲರೂ ಕುಳಿತೇ ಇದ್ದರು.

ಆಮೇಲಿನ ತಟ್ಟೆ ಬಂದಾಗ ಅವಳು ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂರು ನೆಟ್ಟಗೆ, ಒಂದು ವಾಲಿ. ತಿರುಗಿಸಿದಳು. ಬೆರಳಿನಿಂದ ಸವರಿದಳು. ಅದರಲ್ಲಿ ಯಾರೂ ಇರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಜನರಿಲ್ಲದ ಬಟ್ಟೆ ಅವಳ ಕೈಗೆ ಬಂದಿರಲಿಲ್ಲ. ಇನ್ನೊಂದನ್ನು ಎತ್ತಿದಳು, ಅದರಲ್ಲೂ ಇಲ್ಲ. ಹನ್ನೊಂದನ್ನೂ ಮಡಿಲಿಗೆ ಸುರಿದುಕೊಂಡು, ಕತ್ತಲೆಯಲ್ಲಿ ಮಗುವನ್ನು ತಡವುವವಳ ಹಾಗೆ, ಅಕ್ಕನ ಮಗಳ ತುಂಡಿಗಾಗಿ ತಡಕಾಡಿದಳು. ಇದಿರಬಹುದು. ಇದೂ ಇರಬಹುದು. ಗೆದ್ದ ಸಂತೋಷವೋ, ಕುರುಡಾದ ಭಯವೋ, ಎರಡೂ ಒಂದೇ ಸಲ ನುಗ್ಗಿ ಬಂದವು.

'ಇದು ಯಾರದು?' ಎಂದು ಕೇಳಿದಳು.

ಹನ್ನೊಂದು ಮುಖಗಳು ಅವಳನ್ನೇ ನೋಡುತ್ತಿದ್ದವು. ಅವಳು ತುಂಡನ್ನು ಅಕ್ಕನ ಮಗಳ ಮುಂದೆ ಹಿಡಿದು, 'ನಿಂದಾ? ನನಗಾದರೂ ಹೇಳೇ' ಅಂದಳು. ಹುಡುಗಿ ಅದನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಉಳಿದವುಗಳ ಜೊತೆ ಸೇರಿಸಿ ಕಲಸಿ, ತಟ್ಟೆಗೆ ಹಾಕಿದಳು. ಹೇಳಲಿಲ್ಲ.